ಫೆಬ್ರವರಿ ಮೂವತ್ತು

ಎದುರಿಗೆ ನಿಂತು ಅವಳನ್ನು ಕೆಂಡಮ್ಮ ಎಂದು ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಬೆನ್ನ ಹಿಂದೆ ಬೇರೆ ಹೆಸರಿನಿಂದ ಕರೆದವರೂ ಇರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುವವರು ಬೇಕಾದಷ್ಟು ಸಿಗುತ್ತಾರೆ. ಇವಳದು ಹಾಗಲ್ಲ. ಬೂದಿ ಮುಚ್ಚಿಕೊಂಡು ದಿನಗಟ್ಟಲೆ ಒಳಗೇ ಇರುತ್ತಿತ್ತು, ಯಾರಾದರೂ ಊದಿದರೆ ಮುಗಿಯಿತು. ಡೇಟಾಬೇಸ್ ಸಾಫ್ಟ್‌ವೇರ್ ಮಾಡುವ ಆ ಕಂಪನಿಯಲ್ಲಿ ಇಪ್ಪತ್ತೆಂಟು ವರ್ಷ ಸವೆದವಳು ಅವಳೊಬ್ಬಳೇ. ಕಚೇರಿಗಳು, ಆಸ್ಪತ್ರೆಗಳು, ಶಾಲೆಗಳು ತಮ್ಮ ದಾಖಲೆಗಳನ್ನೆಲ್ಲ ಇಟ್ಟುಕೊಳ್ಳುವ ದೊಡ್ಡ ಕಪಾಟಿನ ಹಾಗೆ ಅವರ ಸಾಫ್ಟ್‌ವೇರ್. ಆ ಕಪಾಟಿನ ಬಾಗಿಲಲ್ಲಿ ನಿಂತು, ಒಳಗೆ ಬರುವ ಪ್ರತಿಯೊಂದು ತಾರೀಖನ್ನೂ ತಡೆದು, ಸರಿಯಿದೆಯೇ ಎಂದು ನೋಡಿ ಬಿಡುವ ತುಣುಕನ್ನು ಬರೆದವಳು ಕೆಂಡಮ್ಮ.

ಅದರಲ್ಲಿ ಒಂದು ತಪ್ಪಿತ್ತು. ಕೆಲಸಕ್ಕೆ ಸೇರಿದ ವರ್ಷ, ಇಪ್ಪತ್ತಮೂರರ ಹುರುಪಿನಲ್ಲಿ, ತಿಂಗಳುಗಳನ್ನು ಎರಡು ಗುಂಪು ಮಾಡಿದ್ದಳು: ಮೂವತ್ತೊಂದು ದಿನದವು, ಮೂವತ್ತು ದಿನದವು. ಫೆಬ್ರವರಿಯ ಗೊಡವೆಯನ್ನು ಆಮೇಲೆ ನೋಡಿಕೊಂಡರಾಯಿತೆಂದು ಅದನ್ನೂ ಸದ್ಯಕ್ಕೆ ಮೂವತ್ತರ ಗುಂಪಿಗೆ ತಳ್ಳಿದಳು. ಆಮೇಲೆ ಎಂಬುದು ಬರುವುದೇ ಇಲ್ಲವೆಂದು ತಿಳಿಯುವ ವಯಸ್ಸಲ್ಲ ಅದು. ಎರಡು ವರ್ಷ ಕಳೆದು ಕಣ್ಣಿಗೆ ಬಿದ್ದಾಗ ಓಡಿಹೋಗಿ ಅಂದಿನ ಯಜಮಾನನಿಗೆ ಹೇಳಿದಳು. ಅವನು ನಕ್ಕ. ಅಷ್ಟು ಹೊತ್ತಿಗೆ ಸಾವಿರಾರು ಕಚೇರಿಗಳು ಆ ಸಾಫ್ಟ್‌ವೇರ್ ಹಾಕಿಕೊಂಡಿದ್ದವು. ಎಲ್ಲೆಲ್ಲಿ ಫೆಬ್ರವರಿ ಮೂವತ್ತು ಕೂತಿದೆಯೋ ಯಾರಿಗೆ ಗೊತ್ತು, ಓಡುತ್ತಿರುವ ಬಂಡಿಯ ಗಾಲಿ ಬಿಚ್ಚಬೇಡ ಎಂದ. ಅವಳು ಬಿಚ್ಚಲಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ಆ ತಪ್ಪನ್ನು ಜೋಪಾನವಾಗಿ ಎತ್ತಿ ಮುಂದಿನದಕ್ಕೆ ಸಾಗಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಕೆಂಡಮ್ಮ ಬರಬರುತ್ತ ತಪ್ಪಿನ ತಾಯಿಯಷ್ಟೇ ಅಲ್ಲ, ಅದರ ಕಾವಲುಗಾರ್ತಿಯೂ ಆದಳು.

ಈಗ ವಿಭಾಗಕ್ಕೆ ಹೊಸ ಮುಖ್ಯಸ್ಥ ಬಂದಿದ್ದ. ಹೊಸಬ ಅಂದರೆ ಪೂರ್ತಿ ಹೊಸಬನೇನಲ್ಲ, ಹತ್ತು ವರ್ಷದ ಹಿಂದೆ ಇವಳ ಕೈಕೆಳಗೇ ಕೆಲಸ ಕಲಿತವನು. ಮೇಜಿನ ಮೇಲಿನ ಪೆನ್ನುಗಳೂ ಅಂಚಿಗೆ ನೇರವಾಗಿಯೇ ಇರಬೇಕು ಅವನಿಗೆ. ಆದ್ದರಿಂದ ಅಡಿಪಟ್ಟಿ ಎಂಬ ಹೆಸರು. ಡಿಸೆಂಬರಿನ ಸಭೆಯಲ್ಲಿ ಅಡಿಪಟ್ಟಿ ಗೋಡೆಯ ಮೇಲೆ ಒಂದೇ ಒಂದು ಸಾಲು ತೋರಿಸಿದ. ಡೇಟಾಬೇಸ್ ಹೇಗೆ ನಡೆದುಕೊಳ್ಳಬೇಕೆಂದು ತಿಳಿದವರೆಲ್ಲ ಕೂತು ಬರೆದ ಮಾನಕವೊಂದಿದೆ. ಅದರಂತೆ ನಡೆಯುತ್ತೇವೆಂಬ ಪ್ರಮಾಣಪತ್ರ ಬೇಕಾದರೆ ಆರು ಸಾವಿರ ಚಿಲ್ಲರೆ ಪರೀಕ್ಷೆಗಳಲ್ಲಿ ಪಾಸಾಗಬೇಕು. ಹನ್ನೊಂದರಲ್ಲಿ ಫೇಲಾಗಿದ್ದರು. ಹತ್ತನ್ನು ಸರಿಪಡಿಸಿಯಾಗಿತ್ತು. ಉಳಿದ ಒಂದು ಗೋಡೆಯ ಮೇಲಿತ್ತು: ಫೆಬ್ರವರಿ ಮೂವತ್ತನ್ನು ಒಳಗೆ ಬಿಡಕೂಡದು.

ಕೆಂಡಮ್ಮ ತನ್ನ ಹಳೆಯ ಮಾತನ್ನೇ ಹೇಳಿದಳು. ಇದ್ದದ್ದು ಇದ್ದ ಹಾಗೆ ನಡೆಯಬೇಕು. ಎಷ್ಟೋ ಕಚೇರಿಗಳವರು ದಿನ ಗೊತ್ತಿಲ್ಲದ ಕಡೆಯೆಲ್ಲ ಅದೇ ತಾರೀಖು ಹಾಕುತ್ತಾರೆ, ಅದು ಅವರಿಗೆ ‘ಗೊತ್ತಿಲ್ಲ’ ಎಂಬುದರ ಗುರುತು. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕುವ ಆಸೆಗೆ ಅವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದಳು. ಅಡಿಪಟ್ಟಿ ತಲೆ ತಗ್ಗಿಸಿ ಕೇಳಿಸಿಕೊಂಡ. ಆಮೇಲೆ ದನಿ ಏರಿಸದೆ ಮಾತಾಡಿದ.

“ನಮ್ಮಮ್ಮನ ಕಣ್ಣಿನ ಆಪರೇಷನ್‌ಗೆ ಕೊಟ್ಟ ಚೀಟಿ ಮೇಲೆ ಫೆಬ್ರವರಿ ಮೂವತ್ತು ಅಂತಿತ್ತು ಮೇಡಂ. ಇಪ್ಪತ್ತು ಹೊಡೆಯೋ ಕಡೆ ಮೂವತ್ತು ಹೊಡೆದಿದ್ರು. ಆಸ್ಪತ್ರೇಲಿ ಇದ್ದದ್ದು ನಮ್ಮ ಸಾಫ್ಟ್‌ವೇರೇ. ಅದು ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಇಪ್ಪತ್ತೆಂಟಕ್ಕೆ ಹೋದ್ವಿ, ಮಾರ್ಚ್ ಒಂದಕ್ಕೆ ಹೋದ್ವಿ, ಎರಡಕ್ಕೂ ಹೋದ್ವಿ. ನಿಮ್ಮ ಸರದಿ ಮುಗಿದು ಎಷ್ಟೋ ದಿನ ಆಯ್ತು ಅಂದ್ರು. ಮತ್ತೆ ಸರದಿ ಬರೋ ಹೊತ್ತಿಗೆ ಎಡಗಣ್ಣು ಹೋಗಿತ್ತು.”

ಕೆಂಡಮ್ಮನ ಜೊತೆಗೆ ಹತ್ತು ವರ್ಷ ಕೆಲಸ ಮಾಡಿದವನು ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ. ಉತ್ತರವಿಲ್ಲದೆ ಹೋದಾಗ ಅವಳ ಸಿಟ್ಟು ಇನ್ನೂ ಹೆಚ್ಚುತ್ತಿತ್ತು, ಆದರೆ ಆ ಕಣ್ಣಿನ ಎದುರು ಏನು ಕೂಗುವುದು? ಸರಿ, ಇನ್ನು ಮುಂದೆ ಬರುವ ಫೆಬ್ರವರಿ ಮೂವತ್ತನ್ನು ಬಾಗಿಲಲ್ಲೇ ತಡೆದುಬಿಡಿ ಎಂದು ಒಪ್ಪಿಕೊಂಡಳು. ಒಳಗೆ ಈಗಾಗಲೇ ಇರುವವನ್ನು ಮಾತ್ರ ಮುಟ್ಟಬೇಡಿ, ಹೊಸ ಆವೃತ್ತಿ ಹಾಕಿಕೊಳ್ಳುವಾಗ ಒಂದು ಕ್ಷಣ ನಿಂತು, ಇಂಥಿಂಥವು ಇವೆ, ಏನು ಮಾಡಲಿ ಎಂದು ಆ ಕಚೇರಿಯವರನ್ನೇ ಕೇಳಲಿ ಎಂದಳು.

ಅದಕ್ಕೆ ಅಡಿಪಟ್ಟಿ ಒಪ್ಪಲಿಲ್ಲ. ಅರ್ಧದಲ್ಲಿ ನಿಂತರೆ ಸಾವಿರ ಕಡೆಯಿಂದ ಫೋನು ಬರುತ್ತದೆ. ಅದರ ಬದಲು ಹಳೆಯ ತಾರೀಖನ್ನು ಮುಂದಕ್ಕೆ ತಳ್ಳಿದರಾಯಿತು. ಇಪ್ಪತ್ತೆಂಟರ ಮುಂದೆ ಎರಡು ದಿನ ಎಣಿಸಿದರೆ ಮಾರ್ಚ್ ಎರಡು, ಫೆಬ್ರವರಿಗೆ ಇಪ್ಪತ್ತೊಂಬತ್ತು ದಿನ ಬರುವ ವರ್ಷವಾದರೆ ಮಾರ್ಚ್ ಒಂದು, ಲೆಕ್ಕ ಸರಿಯಾಗಿಯೇ ಇದೆ ಎಂದ.

“ಗೊತ್ತಿಲ್ಲ ಅನ್ನೋದಕ್ಕೆ ಮಾರ್ಚ್ ಎರಡು ಅಂತ ಹೆಸರಿಡೋಕೆ ನೀನ್ಯಾರಪ್ಪ?” ಎಂದು ಕೆಂಡಮ್ಮ ಎದ್ದು ನಿಂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುತ್ತಿದ್ದೀರಿ ಎಂದು ಶುರುಮಾಡಿದವಳು ಹತ್ತು ನಿಮಿಷ ನಿಲ್ಲಿಸಲಿಲ್ಲ. ಪಕ್ಕದ ಕೋಣೆಯವರು ಬಾಗಿಲು ಮುಚ್ಚಿಕೊಂಡರು. ಸಭೆಯ ಟಿಪ್ಪಣಿಯಲ್ಲಿ ‘ಆಕ್ಷೇಪ ಗಮನಿಸಲಾಗಿದೆ’ ಎಂದು ಬರೆದು ಮುಗಿಸಿದರು. ನಾಲ್ಕು ದಿನ ಅವಳು ಯಾರ ಜೊತೆಯೂ ಮಾತಾಡದೆ ಕುದಿದಳು. ಐದನೆಯ ದಿನ ಒಪ್ಪಿಗೆಯ ಪತ್ರ ಬಂತು, ಎಲ್ಲರ ಸಹಿಯೂ ಆಗಿತ್ತು, ಒಬ್ಬಳೇ ಎಷ್ಟೂಂತ ಬಡಿದಾಡುವುದು ಎನ್ನಿಸಿ ಅವಳೂ ಸಹಿ ಹಾಕಿದಳು. ಜನವರಿಯಲ್ಲಿ ಹೊಸ ಆವೃತ್ತಿ ಹೊರಬಿತ್ತು.

ಫೆಬ್ರವರಿಯ ಮೊದಲ ಸೋಮವಾರ ಸಂಜೆ ಅವಳು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಾಯಿ ಮಗಳು ಇಬ್ಬರೇ ಇರುವ ಮೂರನೆಯ ಮಹಡಿಯ ಮನೆ. ಮೊಣಕಾಲು ನೋವಿನ ಅಮ್ಮ ಕುರ್ಚಿಯಿಂದಲೇ ಬೈದು ಬರಮಾಡಿಕೊಳ್ಳುವವಳೇ ಹೊರತು ಬಾಗಿಲಿಗೆ ಬರುವವಳಲ್ಲ.

“ನಂಗೊಂದು ಹುಟ್ಟಿದ ದಿನ ಸಿಕ್ತು ಕಣೇ,” ಎಂದಳು ಅಮ್ಮ. “ಮಾರ್ಚ್ ಎರಡು.”

ಅಮ್ಮನ ಕಥೆ ಇಷ್ಟು. ಅರವತ್ತೆಂಟು ವರ್ಷದ ಹಿಂದೆ ಒಂದು ಅಣೆಕಟ್ಟು ಒಡೆದು ಕೆಳಗಿನ ಊರುಗಳು ನೀರಿನ ಪಾಲಾದವು. ಸಿಕ್ಕ ಮಕ್ಕಳನ್ನೆಲ್ಲ ಲಾರಿಗಳಿಗೆ ಹತ್ತಿಸಿದರು. ಸುಮಾರು ನಾಲ್ಕು ವರ್ಷದ ಅಮ್ಮ ಸುಮಾರು ಎರಡು ವರ್ಷದ ತಮ್ಮನ ಕೈ ಹಿಡಿದುಕೊಂಡಿದ್ದಳು. ಒಂದು ಲಾರಿ ತುಂಬಿತು, ಯಾರೋ ತಮ್ಮನನ್ನು ಎತ್ತಿ ಹಿಂದಿನದಕ್ಕೆ ಹಾಕಿದರು. ಎರಡು ಲಾರಿ ಎರಡು ದಾರಿ ಹಿಡಿದವು. ತನ್ನ ಹುಟ್ಟಿದ ದಿನವಾಗಲಿ ಅವನದಾಗಲಿ ಹೇಳುವ ಹಿರಿಯರು ಉಳಿಯಲಿಲ್ಲ. ಹೀಗೆ ಚೆದುರಿಹೋದವರನ್ನು ಒಬ್ಬರಿಗೊಬ್ಬರು ಹುಡುಕಿಕೊಡಲೆಂದೇ ಪತ್ತೆ ಕಚೇರಿ ಎಂಬುದೊಂದಿತ್ತು. ಅಲ್ಲಿ ವಿವರ ಬರೆಸಿದರೆ ಕಂಪ್ಯೂಟರು ಊರು, ವರ್ಷ, ಹುಟ್ಟಿದ ದಿನ ಹೋಲಿಸಿ ಜೋಡಿ ಹುಡುಕುತ್ತಿತ್ತು. ದಿನ ಗೊತ್ತಿಲ್ಲದವರದು ಬೇರೆಯೇ ಪಟ್ಟಿ. ತಿಂಗಳ ಮೊದಲ ಸೋಮವಾರ ಅಲ್ಲಿನ ಗುಮಾಸ್ತೆ ಆ ಪಟ್ಟಿಯನ್ನು ಬಂದವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದಳು. ಅಮ್ಮ ಇಪ್ಪತ್ತಾರು ವರ್ಷದಿಂದ ಒಂದು ಸೋಮವಾರವನ್ನೂ ತಪ್ಪಿಸಿದವಳಲ್ಲ. ಆ ಬೇರೆ ಪಟ್ಟಿ ತಯಾರಾಗುವುದು ಹೇಗೆಂದು ಮಗಳು ಒಮ್ಮೆಯೂ ಕೇಳಿರಲಿಲ್ಲ. ದಿನವಿಡೀ ಅದೇ ಕೆಲಸ ಮಾಡುವವಳಿಗೆ ಮನೆಯಲ್ಲೂ ಅದರ ಮಾತು ಯಾಕೆ ಎನ್ನುವ ಬೇಸರ.

ಮಾರ್ಚ್ ಎರಡು ಎಂಬುದು ಕಿವಿಗೆ ಬಿದ್ದದ್ದೇ ಕೆಂಡಮ್ಮನಿಗೆ ಎಲ್ಲ ತಿಳಿದುಹೋಯಿತು. ಆದರೂ ಪಟ್ಟಿ ಏನಾಯಿತು ಎಂದು ಕೇಳಿದಳು. ಪಟ್ಟಿ ಖಾಲಿಯಂತೆ. ಕಂಪ್ಯೂಟರು ಹೊಸದಾಗಿದೆಯಂತೆ, ಎಲ್ಲರಿಗೂ ಒಂದೊಂದು ದಿನ ಹುಡುಕಿಕೊಟ್ಟಿದೆಯಂತೆ, ಗುಮಾಸ್ತೆಗೂ ಆಶ್ಚರ್ಯವಂತೆ. ಅಮ್ಮ ಹೇಳುತ್ತಲೇ ಹೋದಳು. ಎಪ್ಪತ್ತೆರಡು ವರ್ಷ ಯಾರ ಹುಟ್ಟುಹಬ್ಬಕ್ಕೆ ಹೋದರೂ ಮೂಲೆಯಲ್ಲಿ ಕೂತು ಬಂದವಳು, ಈಗ ಮೆಟ್ಟಿಲು ಸಾಲಿನ ನಾಲ್ಕೂ ಮನೆಯವರನ್ನು ಕರೆಯಬೇಕೆಂದು ಚೀಟಿಯಲ್ಲಿ ಹೆಸರು ಬರೆದಿಟ್ಟಿದ್ದಳು.

ಕೆಂಡಮ್ಮ ಚೀಲ ಇಟ್ಟು, ಮೆಟ್ಟಿಲ ಬಳಿ ಹೋಗಿ ಅಡಿಪಟ್ಟಿಗೆ ಫೋನು ಮಾಡಿದಳು. ಎಲ್ಲ ಗ್ರಾಹಕರಿಗೂ ಇವತ್ತೇ ಒಂದು ಪತ್ರ ಹೋಗಬೇಕು, ನಿಮ್ಮಲ್ಲಿರುವ ಮಾರ್ಚ್ ಎರಡರಲ್ಲಿ ಎಷ್ಟೋ ಸುಳ್ಳು ಎಂದು ಹೇಳಬೇಕು, ಅವರ ಹಳೆಯ ನಕಲುಗಳು ಅಳಿದುಹೋಗುವ ಮುಂಚೆ ಹೇಳಬೇಕು ಎಂದಳು. ಅಡಿಪಟ್ಟಿ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ. ಪ್ರಮಾಣಪತ್ರದವರು ಮುಂದಿನ ವಾರ ತಪಾಸಣೆಗೆ ಬರುತ್ತಾರೆ, ಅದಾದ ಮೇಲೆ ನೋಡೋಣ, ಇಲ್ಲ ಅನ್ನುತ್ತಿಲ್ಲ ಎಂದ. ಅವಳು ಕೂಗಿದಳು. ಮನುಷ್ಯರ ಗುರುತು ಅಳಿಸಿಹಾಕಿ ತಪಾಸಣೆಗೆ ಗುಡಿಸಿ ಸಾರಿಸುತ್ತಿದ್ದೀಯ ಎಂದಳು.

“ಸಹಿ ನೀವೂ ಹಾಕಿದ್ದೀರಿ ಮೇಡಂ,” ಎಂದ ಅವನು. “ಆ ಮೂವತ್ತನ್ನ ಮೊದಲು ಒಳಗೆ ಬಿಟ್ಟವರೂ ನೀವೇ.”

ಫೋನು ಕಡಿದು ಅವಳು ಕಂಬಿ ಹಿಡಿದು ನಿಂತಳು. ಸುಳ್ಳು ಹೇಳಿದವನ ಮೇಲೆ ಸಿಟ್ಟಾಗುವುದು ಸುಲಭ. ನಿಜ ಹೇಳಿದವನನ್ನು ಏನು ಮಾಡುವುದು? ಒಳಗೆ ಅಮ್ಮ ಪಕ್ಕದ ಮನೆಯವಳಿಗೆ ದಿನ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

ಮಂಗಳವಾರ ಅವಳು ಪತ್ತೆ ಕಚೇರಿಗೆ ಫೋನು ಮಾಡಿದಳು. ಗುಮಾಸ್ತೆಯನ್ನು ಎಲ್ಲರೂ ಕಡತದಕ್ಕ ಎನ್ನುತ್ತಿದ್ದರು. ಮೂವತ್ತು ವರ್ಷ ಅದೇ ಮೇಜಿನಲ್ಲಿ ಕೂತವಳು. ಪ್ರತಿ ಶುಕ್ರವಾರ ದಾಖಲೆಗಳ ನಕಲನ್ನು ಡಿಸ್ಕಿಗೆ ಇಳಿಸುತ್ತೇನೆ, ನಾಲ್ಕು ಡಿಸ್ಕುಗಳಿವೆ, ಸರದಿಯ ಮೇಲೆ ಒಂದರ ಮೇಲೊಂದು ಬರೆಯುತ್ತೇನೆ ಎಂದಳು ಅವಳು. ಹೊಸ ಆವೃತ್ತಿ ಹಾಕುವ ಹಿಂದಿನ ದಿನದ ನಕಲು ಒಂದನೆಯ ಡಿಸ್ಕಿನಲ್ಲಿದೆ. ಅದರ ಸರದಿ ಮತ್ತೆ ಬರುವುದು ಈ ಶುಕ್ರವಾರ. ಅದನ್ನು ಮುಟ್ಟಬೇಡಿ ಎಂದು ಕೆಂಡಮ್ಮ ಬೇಡಿಕೊಂಡಳು. ಬುಧವಾರ ರಜೆ ಹಾಕಿ, ಅಟ್ಟದ ಮೇಲಿದ್ದ ಹಳೆಯ ಲ್ಯಾಪ್‌ಟಾಪ್ ಇಳಿಸಿ ಧೂಳು ಒರೆಸಿದಳು. ಮುಚ್ಚಳದ ಕೀಲು ಮುರಿದು ಅಂಟುಪಟ್ಟಿ ಸುತ್ತಿದ್ದ ಯಂತ್ರ. ಕಂಪನಿ ಹಳೆಯ ಆವೃತ್ತಿಯನ್ನು ಎಲ್ಲ ಕಡೆಯಿಂದ ತೆಗೆದುಹಾಕಿತ್ತು, ಇದರಲ್ಲಿ ಮಾತ್ರ ಅದು ಉಳಿದಿತ್ತು.

ಅಮ್ಮ ತಾನೂ ಬರುತ್ತೇನೆಂದು ಹೊರಟಳು. ಕಡತದಕ್ಕನಿಗೆ ಥ್ಯಾಂಕ್ಸ್ ಹೇಳಬೇಕಂತೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ, ಎರಡು ಸ್ಟಾಪು ಕಳೆದ ಮೇಲೆ ಕೆಂಡಮ್ಮ ಎಲ್ಲವನ್ನೂ ಹೇಳಿದಳು. ಅಮ್ಮ ಹೊರಗೆ ನೋಡುತ್ತಲೇ ಕೇಳಿಸಿಕೊಂಡಳು.

“ಹಾಗಾದ್ರೆ ಆ ದಿನ ನಂದಲ್ಲ?”

“ಅಲ್ಲಮ್ಮ.”

“ಮತ್ಯಾರದ್ದು?”

“ಯಾರದ್ದೂ ಅಲ್ಲ. ಲೆಕ್ಕದಲ್ಲಿ ಬಂದಿದ್ದು.”

ಅಮ್ಮ ಇಳಿಯುವಾಗ ಮಗಳು ಚಾಚಿದ ಕೈಯನ್ನು ಹಿಡಿಯದೆ ಕಂಬಿ ಹಿಡಿದು ತಾನೇ ಇಳಿದಳು.

ಪತ್ತೆ ಕಚೇರಿ ಎಂದರೆ ಒಂದು ಉದ್ದನೆಯ ಕೋಣೆ. ಅಡ್ಡಲಾಗಿ ಮರದ ಕೌಂಟರು, ಅದರಾಚೆ ಉಕ್ಕಿನ ಬೀರುಗಳು, ಈಚೆ ಒಂದು ಬೆಂಚು. ಎಷ್ಟೋ ವರ್ಷ ಎಷ್ಟೋ ಜನ ಕೂತು ಬೆಂಚಿನ ಹಲಗೆ ನಯವಾಗಿತ್ತು. ಅಮ್ಮ ತನ್ನ ಎಂದಿನ ಮೂಲೆಯಲ್ಲಿ ಕೂತಳು. ಕಡತದಕ್ಕ ಒಂದನೆಯ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದಳು. ಹೊಸ ಆವೃತ್ತಿಗೆ ಅದನ್ನು ಕೊಟ್ಟರೆ ತೆರೆಯುತ್ತಲೇ ತಾರೀಖುಗಳನ್ನು ತಿದ್ದಿಬಿಡುತ್ತದೆ, ಹಾಗಾಗಿ ಹಳೆಯ ಲ್ಯಾಪ್‌ಟಾಪೇ ಗತಿ. ಅದು ಎರಡು ಸಲ ಮುನಿಸಿಕೊಂಡು ಆರಿಹೋಗಿ ಮೂರನೆಯ ಸಲ ಎದ್ದಿತು. ಫೆಬ್ರವರಿ ಮೂವತ್ತು ಎಂದು ಕೇಳಿದಾಗ ತೆರೆಯ ಮೇಲೆ ಸಾಲುಗಳು ಇಳಿಯತೊಡಗಿದವು. ನಾನೂರ ಹನ್ನೆರಡು ಜನ. ಇಪ್ಪತ್ತೇಳನೆಯ ಸಾಲು ಅಮ್ಮನದು.

ಕೆಂಡಮ್ಮನಿಗೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ತಲೆ ಬಗ್ಗಿಸಿದಾಗ ಮೇಜಿನ ಗಾಜಿನ ಅಡಿಯಲ್ಲಿದ್ದ ಹಳದಿ ಚೀಟಿ ಕಾಣಿಸಿತು. ಶಾಯಿ ಮಾಸಿತ್ತು, ಆದರೂ ಓದಬಹುದಿತ್ತು. ‘ದಿನ ಗೊತ್ತಿಲ್ಲದಿದ್ದರೆ ಫೆಬ್ರವರಿ 30. ಕಂಪನಿಯ ಹುಡುಗಿ ಹೇಳಿದ್ದು. ಸದ್ಯಕ್ಕೆ.’

ಇದು ಯಾವಾಗಿನದು ಎಂದು ಕೇಳಿದಳು.

“ಅಯ್ಯೋ, ಅದು ಈ ಕಂಪ್ಯೂಟರ್ ಬಂದ ಹೊಸದರಲ್ಲಿ,” ಎಂದಳು ಕಡತದಕ್ಕ. “ದಿನದ ಕಾಲಂ ಖಾಲಿ ಬಿಡೋಕೆ ಬಿಡ್ತಿರಲಿಲ್ಲ. ಬರೋರಲ್ಲಿ ಅರ್ಧ ಜನಕ್ಕೆ ದಿನ ಗೊತ್ತಿಲ್ಲ, ಏನ್ ಮಾಡ್ಲಿ ಅಂತ ನಿಮ್ಮ ಕಂಪನಿಗೆ ಫೋನ್ ಮಾಡ್ದೆ. ಒಬ್ಬಳು ಹುಡುಗಿ ನಗ್ತಾ ನಗ್ತಾ ಹೇಳಿದ್ಲು, ಸದ್ಯಕ್ಕೆ ಫೆಬ್ರವರಿ ಮೂವತ್ತು ಹಾಕಿ, ಅವತ್ತು ಯಾರೂ ಹುಟ್ಟಲ್ಲ, ಆಮೇಲೆ ಖಾಲಿ ಬಿಡೋ ಹಾಗೆ ಮಾಡಿಕೊಡ್ತೀವಿ ಅಂತ. ಆಮೇಲೆ ಯಾರೂ ಬರಲಿಲ್ಲ. ನಾವೂ ಬೇರೆ ಊರಿನ ಪತ್ತೆ ಕಚೇರಿಗಳಿಗೆಲ್ಲ ಅದನ್ನೇ ಹೇಳಿಕೊಟ್ವಿ.”

ಕೆಂಡಮ್ಮನಿಗೆ ಆ ನಗು ನೆನಪಾಯಿತು. ತನ್ನದೇ ನಗು. ಆ ವರ್ಷ ಒಂದು ವಾರ ಅವಳನ್ನು ಫೋನು ಹಿಡಿಯಲು ಕೂರಿಸಿದ್ದರು. ದಿನಕ್ಕೆ ನಲವತ್ತು ಜನ ಫೋನು ಮಾಡುತ್ತಿದ್ದರು, ಯಾವ ಕಚೇರಿಯೆಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ತಪ್ಪನ್ನು ತಿದ್ದಬೇಡ ಅಂದಿದ್ದರಲ್ಲ, ಇರಲಿ, ಅದರಿಂದ ಒಂದು ಉಪಕಾರವಾದರೂ ಆಗಲಿ ಎಂದು ಜಾಣತನ ತೋರಿಸಿ, ಫೋನಿಟ್ಟು, ಮರೆತುಬಿಟ್ಟಿದ್ದಳು. ಎಷ್ಟೋ ಕಚೇರಿಗಳು ಹೀಗೆ ಮಾಡುತ್ತಿವೆ ಎಂದು ಸಭೆಗಳಲ್ಲಿ ಎದೆ ತಟ್ಟಿ ವಾದಿಸಿದ್ದಳಲ್ಲ, ಆ ಕಚೇರಿಗಳಿಗೆ ಅದನ್ನು ಕಲಿಸಿದವಳೇ ಅವಳು. ಅಡಿಪಟ್ಟಿಯ ಮೇಲೆ ಮೂರು ದಿನದಿಂದ ಉರಿಯುತ್ತಿದ್ದ ಸಿಟ್ಟಿಗೆ ಈಗ ನಿಲ್ಲಲು ತನ್ನ ಮೇಲಲ್ಲದೆ ಬೇರೆ ಜಾಗ ಉಳಿಯಲಿಲ್ಲ.

ಅವಳು ಕುರ್ಚಿ ಎಳೆದುಕೊಂಡು ಕೂತಳು. ದಿನದ ಕಾಲಂ ಖಾಲಿ ಇರಬಹುದು ಎಂದು ಬದಲಾಯಿಸಿದಳು. ಹಳೆಯ ನಕಲಿನ ನಾನೂರ ಹನ್ನೆರಡು ಜನರನ್ನು ಹೊಸದರಲ್ಲಿ ಒಬ್ಬೊಬ್ಬರನ್ನಾಗಿ ಹೊಂದಿಸಿ, ಸುಳ್ಳು ಮಾರ್ಚ್ ಎರಡನ್ನೂ ಮಾರ್ಚ್ ಒಂದನ್ನೂ ತೆಗೆದು ಖಾಲಿ ಮಾಡುವಂತೆ ಬರೆದಳು. ನಿಜವಾಗಿ ಮಾರ್ಚ್ ಎರಡರಂದು ಹುಟ್ಟಿದ ಹತ್ತೊಂಬತ್ತು ಜನರನ್ನು ಹಾಗೆಯೇ ಬಿಟ್ಟಳು. ಖಾಲಿ ಇರುವ ಕಡೆ ತೆರೆಯ ಮೇಲೆ ‘ಗೊತ್ತಿಲ್ಲ’ ಎಂದು ಕಾಣುವ ಹಾಗೆ ಮಾಡಿ, ತಿಂಗಳ ಪಟ್ಟಿಯನ್ನು ಅದರಿಂದಲೇ ಹೆಕ್ಕುವಂತೆ ಜೋಡಿಸಿದಳು. ಮಾನಕದ ಪುಸ್ತಕದಲ್ಲೂ ಗೊತ್ತಿಲ್ಲದ್ದನ್ನು ಖಾಲಿ ಬಿಡಲು ಮೊದಲಿನಿಂದಲೂ ಜಾಗವಿತ್ತು, ಅದನ್ನು ಅವಳು ಬಾಯಿಪಾಠ ಬಲ್ಲಳು. ಗಡಿಯಾರ ನೋಡಿದಳು. ಎರಡು ಗಂಟೆಯೂ ಹಿಡಿದಿರಲಿಲ್ಲ. ಇಪ್ಪತ್ತಾರು ವರ್ಷ ಮುಂದೂಡಿದ ಕೆಲಸ ಎರಡು ಗಂಟೆಯೂ ಹಿಡಿಯಲಿಲ್ಲ ಎಂಬುದಕ್ಕೆ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

ಇಪ್ಪತ್ತೇಳನೆಯ ಸಾಲನ್ನು ಮಾತ್ರ ಅವಳು ಬಿಟ್ಟಿದ್ದಳು. ಅಲ್ಲಿ ಮಾರ್ಚ್ ಎರಡು ಹಾಗೆಯೇ ಇತ್ತು. ಮೆಟ್ಟಿಲು ಸಾಲಿನ ನಾಲ್ಕು ಮನೆಯವರ ಹೆಸರಿನ ಚೀಟಿ ಅವಳ ಕಣ್ಣಮುಂದಿತ್ತು.

ಕಡತದಕ್ಕ ಹೊಸ ಕಾಲಮನ್ನು ನೋಡಿ ಬಹಳ ಹೊತ್ತು ತಲೆದೂಗಿದಳು. ಆಮೇಲೆ, ಮೊದಲೇ ಹೀಗಿದ್ದಿದ್ದರೆ ಆ ಮನುಷ್ಯನನ್ನೂ ಬರೆದುಕೊಳ್ಳಬಹುದಿತ್ತು ಎಂದಳು. ಯಾವ ಮನುಷ್ಯ ಎಂದು ಕೆಂಡಮ್ಮ ತಿರುಗಿದಳು. ಹೋದ ವಾರ ಒಬ್ಬರು ಬಂದಿದ್ದರಂತೆ. ಎಪ್ಪತ್ತರ ಆಸುಪಾಸು. ತನಗೊಬ್ಬಳು ಅಕ್ಕ ಇದ್ದ ನೆನಪು, ಲಾರಿಯ ನೆನಪು, ಬೇರೇನೂ ಇಲ್ಲ ಎಂದರಂತೆ. ಎಂದಿನಂತೆ ಫೆಬ್ರವರಿ ಮೂವತ್ತು ಹೊಡೆದರೆ ತೆರೆ ಕೆಂಪಾಗಿ, ಇಂಥ ತಾರೀಖಿಲ್ಲ ಎಂದಿತು. ಖಾಲಿ ಬಿಟ್ಟರೂ ಬೇಡ ಎಂದಿತು. ಬೇರೆ ಯಾವುದೋ ಸುಳ್ಳು ದಿನ ಬರೆಯಲು ಕಡತದಕ್ಕನಿಗೆ ಮನಸ್ಸು ಬರಲಿಲ್ಲ. ದಿನ ವಿಚಾರಿಸಿಕೊಂಡು ಬನ್ನಿ ಎಂದು ಕಳಿಸಿದಳು. ವಿಳಾಸ ಕೇಳಲಿಲ್ಲ. ಅರ್ಜಿಯೇ ಆಗಿಲ್ಲದ ಮೇಲೆ ವಿಳಾಸ ಎಲ್ಲಿ ಬರೆಯುವುದು?

ಬೆಂಚಿನಿಂದ ಅಮ್ಮ ಎದ್ದು ಬಂದದ್ದನ್ನು ಯಾರೂ ನೋಡಿರಲಿಲ್ಲ. ಕೌಂಟರಿಗೆ ಎರಡೂ ಕೈ ಊರಿ ನಿಂತಿದ್ದಳು.

“ಗೊತ್ತಿಲ್ಲ ಅಂದವನನ್ನ ವಾಪಸ್ ಕಳಿಸಿದ್ರಾ? ಗೊತ್ತಿದ್ದಿದ್ರೆ ಅವನು ಇಲ್ಲಿಗ್ಯಾಕೆ ಬರ್ತಿದ್ದ?”

ಕಡತದಕ್ಕ ಕೆಂಡಮ್ಮನ ಕಡೆ ನೋಡಿದಳು. ಅಮ್ಮನೂ ಆ ಕಡೆಗೇ ತಿರುಗಿದಳು. “ಬಾಗಿಲಲ್ಲೇ ತಡಿ ಅಂತ ಅದಕ್ಕೆ ಹೇಳಿಕೊಟ್ಟಿದ್ದು ಯಾರು?”

“ನಾನೇ ಅಮ್ಮ. ನಾನೂ ಒಪ್ಪಿಕೊಂಡೆ,” ಎಂದಳು ಕೆಂಡಮ್ಮ. ಅಡಿಪಟ್ಟಿಯ ಹೆಸರು ಹೇಳಬಹುದಿತ್ತು, ಅವನ ತಾಯಿಯ ಕಣ್ಣಿನ ಕಥೆ ಹೇಳಬಹುದಿತ್ತು, ಹೇಳಲಿಲ್ಲ.

ಅಮ್ಮನ ಮುಖ ಕೆಂಪೇರಿತ್ತು. ಕೆಂಡಮ್ಮನಿಗೆ ಸಿಟ್ಟು ಎಲ್ಲಿಂದ ಬಂತೆಂದು ನೆರೆಮನೆಯವರು ಕೇಳುತ್ತಿದ್ದರು, ನೋಡಿದ್ದರೆ ತಿಳಿಯುತ್ತಿತ್ತು. ಬಂದಿದ್ದವನು ತಮ್ಮನೋ ಅಲ್ಲವೋ, ಆ ವರ್ಷ ಲಾರಿ ಹತ್ತಿದ ಮಕ್ಕಳು ನೂರಾರು. ಅಮ್ಮ ಅದನ್ನು ಕೇಳಲೂ ಇಲ್ಲ. ಕೌಂಟರು ಸುತ್ತಿ ಒಳಗೆ ಬಂದು, ಮಗಳ ಹಿಂದೆ ನಿಂತು, ತೆರೆಯಲ್ಲಿ ತನ್ನ ಸಾಲು ತೋರಿಸು ಎಂದಳು. ತೋರಿಸಿದಳು. ಅಮ್ಮ ಓದಿದಳು.

“ಇದೊಂದನ್ನ ಯಾಕೆ ಬಿಟ್ಟೆ?”

“ನೀನು ಎಲ್ಲರನ್ನೂ ಕರೆದಿದ್ದೀಯಲ್ಲಮ್ಮ.”

“ತೆಗಿ ಅದನ್ನ,” ಎಂದಳು ಅಮ್ಮ. “ಅವನು ಬಂದು ಗೊತ್ತಿಲ್ಲ ಅಂದಾಗ ನಾನು ಗೊತ್ತಿಲ್ಲದವರ ಪಟ್ಟಿಯಲ್ಲೇ ಇರಬೇಕು. ನನ್ನ ಒಂದು ದಿನದ ಸಂಭ್ರಮಕ್ಕೆ ಇನ್ನೊಂದು ಲಾರಿ ಹತ್ತಿಸ್ತೀಯಾ ನನ್ನ?”

ಕೆಂಡಮ್ಮ ತೆಗೆದಳು. ಅಮ್ಮ ಆ ಜಾಗ ಖಾಲಿಯಾಗುವವರೆಗೂ ನೋಡಿ, ಹೋಗಿ ಬೆಂಚಿನಲ್ಲಿ ಕೂತಳು.

ಅದೇ ಮೇಜಿನಿಂದ ಕೆಂಡಮ್ಮ ಎಲ್ಲ ಗ್ರಾಹಕರಿಗೂ ಪತ್ರ ಬರೆದಳು. ತಪ್ಪು ತನ್ನದು ಎಂದು ಮೊದಲ ಸಾಲಿನಲ್ಲೇ ಬರೆದು, ನಿಮ್ಮ ಮಾರ್ಚ್ ಒಂದು, ಎರಡರ ದಾಖಲೆಗಳಲ್ಲಿ ಸುಳ್ಳು ಸೇರಿದೆ, ಹಳೆಯ ನಕಲುಗಳನ್ನು ಅಳಿಸಬೇಡಿ, ಸರಿಮಾಡುವ ಬಗೆ ಇದು ಎಂದು ಹಂತ ಹಂತವಾಗಿ ಹೇಳಿ, ಕೆಳಗೆ ತನ್ನ ಹೆಸರು ಹಾಕಿ ಕಳಿಸಿದಳು. ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ. ಅರ್ಧ ಗಂಟೆಯೊಳಗೆ ಅಡಿಪಟ್ಟಿಯಿಂದ ಮೂರು ಸಲ ಫೋನು ಬಂತು, ಎತ್ತಲಿಲ್ಲ. ಮರುದಿನ, ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂಬ ಪತ್ರ ಬಂತು. ಎರಡು ವಾರದ ಮೇಲೆ ಕಂಪನಿ ಒಂದು ತಿದ್ದುಪಡಿ ಹೊರಡಿಸಿತು. ಅದು ಹಳೆಯ ತಾರೀಖು ಕಂಡರೆ ನಿಂತು, ಪಟ್ಟಿ ತೋರಿಸಿ, ಏನು ಮಾಡಲಿ ಎಂದು ಕೇಳುತ್ತಿತ್ತು. ಬರೆದವರ ಹೆಸರಿನ ಜಾಗದಲ್ಲಿ ಅಡಿಪಟ್ಟಿಯ ಹೆಸರಿತ್ತು. ಪ್ರಮಾಣಪತ್ರ ಸಿಕ್ಕಿತೋ ಇಲ್ಲವೋ ಎಂದು ಅವಳು ವಿಚಾರಿಸಲಿಲ್ಲ, ಅವನೂ ಹೇಳಲಿಲ್ಲ.

ಆ ವರ್ಷ ಮಾರ್ಚ್ ಎರಡು ಬಿದ್ದದ್ದು ಸೋಮವಾರ, ತಿಂಗಳ ಮೊದಲ ಸೋಮವಾರ. ನಾಲ್ಕೂ ಮನೆಯವರಿಗೆ ಬರಬೇಡಿ ಎಂದು ಅಮ್ಮ ತಾನೇ ಮೆಟ್ಟಿಲು ಹತ್ತಿಳಿದು ಹೇಳಿ ಬಂದಿದ್ದಳು. ಬೆಳಗ್ಗೆ ಬಾಗಿಲು ತೆರೆಯುವ ಮುಂಚೆಯೇ ತಾಯಿ ಮಗಳು ಪತ್ತೆ ಕಚೇರಿಯ ಎದುರು ನಿಂತಿದ್ದರು. ಕಡತದಕ್ಕ ಕೌಂಟರಿನ ಗಾಜಿಗೆ ಒಂದು ಕಾಗದ ಅಂಟಿಸಿದ್ದಳು: ‘ಹುಟ್ಟಿದ ದಿನ ಗೊತ್ತಿಲ್ಲದವರನ್ನೂ ಬರೆದುಕೊಳ್ಳುತ್ತೇವೆ.’ ಅವರು ಮತ್ತೆ ಬಂದರಾ ಎಂದು ಅಮ್ಮ ಕೇಳಿದಳು. ಇನ್ನೂ ಇಲ್ಲ ಎಂದಳು ಕಡತದಕ್ಕ.

ಬೆಂಚಿನ ಮೇಲೆ ಏಳೆಂಟು ಜನ ಸೇರಿದರು. ಕಡತದಕ್ಕ ಕನ್ನಡಕ ಏರಿಸಿ ಪಟ್ಟಿ ಓದತೊಡಗಿದಳು. ನಾನೂರ ಹನ್ನೆರಡು ಜನರನ್ನು ಓದಲು ಮಧ್ಯಾಹ್ನವಾಗುತ್ತದೆ, ಯಾರಿಗೂ ಅವಸರವಿರಲಿಲ್ಲ. ಬಾಗಿಲ ಬಳಿ ಯಾರದೋ ಹೆಜ್ಜೆ ಕೇಳಿದಾಗಲೆಲ್ಲ ಅಮ್ಮನ ತಲೆ ಆ ಕಡೆ ತಿರುಗುತ್ತಿತ್ತು. ಕೆಂಡಮ್ಮ ಅಮ್ಮನ ಪಕ್ಕ ಕೂತು ಒಂದೊಂದನ್ನೂ ಕೇಳಿದಳು. ಇಷ್ಟು ವರ್ಷ ಅವಳು ಕಾದುಕೊಂಡು ಬಂದದ್ದು ಇವರನ್ನಲ್ಲ, ತನ್ನ ತಪ್ಪನ್ನು.

“ಇಪ್ಪತ್ತೇಳು,” ಎಂದು ಓದಿದಳು ಕಡತದಕ್ಕ. “ಹೆಣ್ಣು. ಸುಮಾರು ಎಪ್ಪತ್ತೆರಡು. ಮೊದಲನೇ ಲಾರಿ. ಹುಟ್ಟಿದ ದಿನ ಗೊತ್ತಿಲ್ಲ.”

“ಇದ್ದೀನಿ,” ಎಂದಳು ಅಮ್ಮ, ಬಾಗಿಲಾಚೆಗೂ ಕೇಳಿಸುವಷ್ಟು ಗಟ್ಟಿಯಾಗಿ.